ಹೊಸ ಸಮುದ್ರ ಮೀನು ತಂದಿರಾ? ಮೊದಲು ನಲವತ್ತು ದಿನ ಬೇರೆ ತೊಟ್ಟಿಯಲ್ಲಿಡಿ



ಪ್ರತಿ ವಾರ ಮಣ್ಣು, ಗೊಬ್ಬರ, ಕೀಟ ಅಂತ ಬರೆಯುವ ನಾನು ಈ ವಾರ ಉಪ್ಪುನೀರಿನ ಮೀನಿನ ವಿಷಯ ತಗೊಂಡಿದ್ದೇನೆ. ಮನೆಯಲ್ಲಿ ಹವಳದ ಅಕ್ವೇರಿಯಂ ಇಟ್ಟ ಕೆಲವರು "ಹೊಸ ಮೀನು ಬಿಟ್ಟ ಮೇಲೆ ಹಳೆಯವೂ ಸತ್ತವು, ಯಾಕೆ?" ಅಂತ ಕೇಳಿದ್ದರು. ಅವರಿಗೆ ಉತ್ತರ ಹೇಳೋ ಮೊದಲು ನನ್ನ ತಪ್ಪನ್ನೇ ಹೇಳ್ತೇನೆ.

ನನ್ನ ತೊಟ್ಟಿಯಲ್ಲಿ ಮೂರು ವರ್ಷದಿಂದ ಒಂದು ಜೋಡಿ ಕ್ಲೌನ್ ಮೀನು ಇದ್ದವು. ಅಂಗಡಿಯಿಂದ ಒಂದು ನೀಲಿ ಟ್ಯಾಂಗ್ ತಂದು ಅದೇ ಸಂಜೆ ಬಿಟ್ಟೆ. ಐದನೇ ದಿನ ಅದರ ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆ ಕಂಡವು. ಎರಡು ವಾರದಲ್ಲಿ ಮೂರೂ ಮೀನು ಹೋದವು. ಬಾಳೆಯ ಕಂದಿನ ಜೊತೆ ಗೊಂಚಲು ತಲೆ ರೋಗ ತೋಟಕ್ಕೆ ಬರುತ್ತೆ, ತಾಯಿಗಿಡ ನೋಡದೆ ಕಂದು ತರಬೇಡಿ ಅಂತ ಊರಿಗೆಲ್ಲ ಹೇಳುವವನು ನಾನು. ಆ ಪಾಠ ನನ್ನ ಮನೆಯ ತೊಟ್ಟಿಗೇ ಬರಲಿಲ್ಲ.

ರೋಗ ಹರಡುವುದು ಹೇಗೆ?

ಈ ಬಿಳಿ ಚುಕ್ಕೆ ರೋಗಕ್ಕೆ ಕಾರಣ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರಾವಲಂಬಿ. ಇದರ ಜೀವನಚಕ್ರ ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಮೀನಿನ ಚರ್ಮ ಮತ್ತು ಕಿವಿರಿನಲ್ಲಿ ಇದು 3ರಿಂದ 7 ದಿನ ತಿಂದು ಬೆಳೆಯುತ್ತದೆ. ಆಮೇಲೆ ಉದುರಿ, ಕಲ್ಲು, ಮರಳು, ಗಾಜಿಗೆ ಅಂಟಿ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಒಳಗೇ ನೂರಾರು ಮರಿಗಳಾಗುತ್ತವೆ. ಕೋಶ ಒಡೆಯಲು ಕನಿಷ್ಠ ಸುಮಾರು 3 ದಿನ ಬೇಕು, ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ. ಹೊರಬಂದ ಮರಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಅದು ಸಾಯುತ್ತದೆ.

ಚುಕ್ಕೆ ಮಾಯವಾದರೆ "ಗುಣ ಆಯ್ತು" ಅಂದ್ಕೊಳ್ಳಬೇಡಿ. ಹುಳ ಕೆಳಗೆ ಕೂತು ಸಂಸಾರ ಬೆಳೆಸುತ್ತಿದೆ ಅಂತ ಅರ್ಥ. ಇನ್ನೊಂದು ಮಾತು: ಸಿಹಿನೀರಿನ ಮೀನಿನ ಬಿಳಿ ಚುಕ್ಕೆ ರೋಗವೇ ಬೇರೆ. ಅಲ್ಲಿ ಉಪ್ಪು ಹಾಕಿ ವಾಸಿ ಮಾಡಿದ ಅನುಭವ ಇಲ್ಲಿ ನಡೆಯಲ್ಲ.

ಮುಖ್ಯ ತೊಟ್ಟಿಗೆ ಔಷಧಿ ಯಾಕೆ ಹಾಕಬಾರದು?

ಇದರ ಹಳೆಯ ಔಷಧಿ ತಾಮ್ರ. ಅಡಿಕೆಗೆ ಕೊಳೆರೋಗ ಅಂತ ಬೋರ್ಡೋ ಹೊಡೆಯುವ ನಮಗೆ ಮೈಲುತುತ್ತದ ಶಕ್ತಿ ಗೊತ್ತು. ಮೀನು ತಡೆಯುವ ಪ್ರಮಾಣದ ತಾಮ್ರವೇ ಹವಳ, ಸೀಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ. ಕಲ್ಲು, ಮರಳು ಅದನ್ನು ಹೀರಿಕೊಂಡು ಅಳತೆಯನ್ನೂ ಕೆಡಿಸುತ್ತವೆ. ಆದ್ದರಿಂದ ಚಿಕಿತ್ಸೆ ಏನಿದ್ದರೂ ಬೇರೆ ತೊಟ್ಟಿಯಲ್ಲೇ. ತೋಟದ ಮೈಲುತುತ್ತವನ್ನು ಅಂದಾಜಿಗೆ ಹಾಕೋ ಸಾಹಸ ಅಲ್ಲೂ ಬೇಡ.

ಪ್ರತ್ಯೇಕ ತೊಟ್ಟಿಯ ತಯಾರಿ

• 40ರಿಂದ 60 ಲೀಟರ್ ಹಿಡಿಯುವ ಸಾದಾ ಗಾಜಿನ ತೊಟ್ಟಿ ಸಣ್ಣ ಮೀನಿಗೆ ಸಾಕು. ಮರಳು, ಕಲ್ಲು ಬೇಡ. ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು ಹಾಕಿ.
• ಸ್ಪಂಜ್ ಫಿಲ್ಟರ್ ಅನ್ನು ಮೂರು-ನಾಲ್ಕು ವಾರ ಮೊದಲೇ ಮುಖ್ಯ ತೊಟ್ಟಿಯಲ್ಲಿಟ್ಟು ಒಳ್ಳೆಯ ಬ್ಯಾಕ್ಟೀರಿಯಾ ಹಿಡಿಸಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಇದಿಲ್ಲದಿದ್ದರೆ ರೋಗಕ್ಕಿಂತ ಮೊದಲು ಅಮೋನಿಯಾ ಮೀನನ್ನು ಕೊಲ್ಲುತ್ತದೆ.
• ಹೀಟರ್‌ನಿಂದ ನೀರನ್ನು 25–26 ಡಿಗ್ರಿಯಲ್ಲಿಡಿ. ಕರೆಂಟ್ ಹೋಗೋ ಊರಾದರೆ ಬ್ಯಾಟರಿ ಏರ್ ಪಂಪ್ ಬೇಕೇ ಬೇಕು.
• ಬಲೆ, ಬಕೆಟ್, ಪೈಪು ಎಲ್ಲ ಬೇರೆ ಇರಲಿ. ಒಂದು ಒದ್ದೆ ಬಲೆ ಸಾಕು, ಪಟ್ಟ ಶ್ರಮವೆಲ್ಲ ವ್ಯರ್ಥ.

ಅಂಗಡಿಯಲ್ಲಿ ಮೀನು ತಿನ್ನುವುದನ್ನು ಕಣ್ಣಾರೆ ನೋಡಿಯೇ ಕೊಳ್ಳಿ. ಅಲ್ಲಿಯ ನೀರಿನ ಉಪ್ಪಿನ ಸಾಂದ್ರತೆ ಕೇಳಿ. ಹಲವು ಕಡೆ ಕಡಿಮೆ ಇಟ್ಟಿರುತ್ತಾರೆ. ನಿಮ್ಮ ಪ್ರತ್ಯೇಕ ತೊಟ್ಟಿಯನ್ನು ಅದಕ್ಕೇ ಹೊಂದಿಸಿ, ಆಮೇಲೆ ದಿನಕ್ಕೆ 0.001ರಷ್ಟು ಏರಿಸುತ್ತ 1.025ಕ್ಕೆ ತನ್ನಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ.

ಔಷಧಿ ಇಲ್ಲದ ದಾರಿ: ತೊಟ್ಟಿ ಬದಲಿಸುವುದು

ಸಾವಯವ ಕೃಷಿಕನಾದ ನನಗೆ ಹಿಡಿಸಿದ್ದು ಇದು. ಎರಡು ಸಣ್ಣ ತೊಟ್ಟಿ ಅಥವಾ ಡಬ್ಬ ಸಾಕು. 1ನೇ ದಿನ ಮೀನನ್ನು ಮೊದಲ ತೊಟ್ಟಿಗೆ ಬಿಡಿ. 4ನೇ ದಿನ ಎರಡನೆಯದಕ್ಕೆ, 7ನೇ ದಿನ ತೊಳೆದು ಪೂರ್ತಿ ಒಣಗಿಸಿದ ಮೊದಲನೆಯದಕ್ಕೆ, 10ನೇ ದಿನ ಮತ್ತೆ ಎರಡನೆಯದಕ್ಕೆ. 13ನೇ ದಿನ ಸ್ಪಂಜ್ ಫಿಲ್ಟರ್ ಇರುವ ತೊಟ್ಟಿಗೆ. ಪ್ರತಿ ಸಲವೂ ಹೊಸ ಉಪ್ಪುನೀರು, ಒಣಗಿದ ಹೀಟರ್ ಮತ್ತು ಏರ್ ಸ್ಟೋನ್. 72 ಗಂಟೆ ಮೀರಬಾರದು.

ಯಾಕೆ ಅಂದ್ರೆ, ಮೈಯಿಂದ ಉದುರಿದ ಹುಳ ಮರಿ ಮಾಡುವಷ್ಟರಲ್ಲಿ ಮೀನು ಆ ಮನೆ ಖಾಲಿ ಮಾಡಿರುತ್ತದೆ. ಹನ್ನೆರಡು ದಿನದಲ್ಲಿ ಮೈಮೇಲಿನದೆಲ್ಲ ಉದುರಿ ಹಿಂದೆ ಉಳಿಯುತ್ತದೆ. ಈ ತೊಟ್ಟಿಗಳಲ್ಲಿ ಫಿಲ್ಟರ್ ಇರಲ್ಲ, ಹಾಗಾಗಿ ಆಹಾರ ಕಡಿಮೆ ಹಾಕಿ, ಅಮೋನಿಯಾ ಪರೀಕ್ಷಿಸುತ್ತಿರಿ.

ಆದರೆ ಇದು ಎಲ್ಲದಕ್ಕೂ ಮದ್ದಲ್ಲ. ಮೈಮೇಲೆ ಹೊಂಬಣ್ಣದ ಧೂಳು ಕೂತಂತೆ ಕಂಡು, ಮೀನು ಏದುಸಿರು ಬಿಟ್ಟರೆ ಅದು ವೆಲ್ವೆಟ್ ರೋಗ. ಕೆಲವೇ ದಿನದಲ್ಲಿ ಕೊಲ್ಲುತ್ತದೆ. ಆಗ ತಾಮ್ರವೇ ಬೇಕಾಗುತ್ತದೆ, ಅದೂ ಟೆಸ್ಟ್ ಕಿಟ್ ಕೈಯಲ್ಲಿಟ್ಟುಕೊಂಡು. ಮೈ ಉಜ್ಜಿಕೊಳ್ಳುವುದು, ಕಣ್ಣು ಮಂಜಾಗುವುದು ಚಪ್ಪಟೆ ಹುಳದ ಲಕ್ಷಣ. ಅದಕ್ಕೆ ಪ್ರಾಜಿಕ್ವಾಂಟೆಲ್ ಇದೆ. ಪ್ರಮಾಣವನ್ನು ಮೀನುಗಾರಿಕೆ ತಜ್ಞರಲ್ಲಿ ಕೇಳಿಯೇ ಬಳಸಿ.

ಉಳಿದ ನಾಲ್ಕು ವಾರ

13ನೇ ದಿನದಿಂದ 28 ದಿನ ಬರೀ ಗಮನಿಸುವ ಕೆಲಸ. ಹೊಟ್ಟೆ ತುಂಬ ತಿನ್ನುತ್ತಿದೆಯಾ, ಉಸಿರಾಟ ಸರಿ ಇದೆಯಾ, ಮಲ ಬಿಳಿ ದಾರದಂತಿದೆಯಾ, ದಿನಾ ಒಂದು ಪುಸ್ತಕದಲ್ಲಿ ಬರೆದಿಡಿ. ನಡುವೆ ಇನ್ನೊಂದು ಹೊಸ ಮೀನು ಸೇರಿಸಿದರೆ ಲೆಕ್ಕ ಮತ್ತೆ ಒಂದರಿಂದ. 12 ಮತ್ತು 28 ಕೂಡಿದರೆ 40. ಕ್ವಾರಂಟೈನ್ ಪದ ಹುಟ್ಟಿದ್ದೂ ಇಟಲಿಯವರ 'ನಲವತ್ತು' ಎಂಬ ಮಾತಿನಿಂದಲೇ.

ರೋಗ ಈಗಾಗಲೇ ಮುಖ್ಯ ತೊಟ್ಟಿಗೆ ಬಂದಿದ್ದರೆ ಎಲ್ಲ ಮೀನನ್ನೂ ಹೊರತೆಗೆದು, ತೊಟ್ಟಿಯನ್ನು 76 ದಿನ ಮೀನಿಲ್ಲದೆ ಬಿಡುವುದು ರೂಢಿ. ಹವಳ, ಬಸವನಹುಳು ಅಲ್ಲೇ ಇರಬಹುದು. ಹೊಸ ಹವಳದ ತುಂಡಿನ ಮೇಲೂ ಕೋಶ ಅಂಟಿ ಬರಬಹುದು, ಅದನ್ನೂ ಮೀನಿಲ್ಲದ ತೊಟ್ಟಿಯಲ್ಲಿ ಇಷ್ಟೇ ದಿನ ಇಡಿ. ನಮ್ಮ ಸಮುದ್ರದ ಗಟ್ಟಿ ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಕಿತ್ತು ತರುವ ಯೋಚನೆ ಬೇಡವೇ ಬೇಡ.

ನನ್ನ ತೊಟ್ಟಿ ಆ 76 ದಿನ ಖಾಲಿ ಇತ್ತು. ದಿನಾ ಬೆಳಿಗ್ಗೆ ಮೀನಿಗೆ ತಿಂಡಿ ಹಾಕುತ್ತಿದ್ದ ಮಗಳು ಬಂದು ನೋಡಿ ಸುಮ್ಮನೆ ಹೋಗೋಳು. ಆಮೇಲೆ ತಂದ ಜೋಡಿ ನಲವತ್ತು ದಿನ ಅಡುಗೆಮನೆ ಪಕ್ಕದ ಸಣ್ಣ ತೊಟ್ಟಿಯಲ್ಲಿ ಕಳೆದೇ ಒಳಗೆ ಹೋಯಿತು. ಈಗಲೂ ಚೆನ್ನಾಗಿವೆ. ಹೊಸ ಮೇಕೆ ತಂದರೂ, ನರ್ಸರಿಯ ಸಸಿ ತಂದರೂ ಇದೇ ಮಾತು: ಮೊದಲು ಬೇರೆ ಇಡಿ, ನೋಡಿ, ಆಮೇಲೆ ಸೇರಿಸಿ.

ಮುಂದಿನ ವಾರ ಮತ್ತೆ ಮಣ್ಣಿಗೆ ಬರೋಣ.