ಲಿನಕ್ಸ್ ಲ್ಯಾಪ್‌ಟಾಪ್: ಟಚ್‌ಪ್ಯಾಡ್ ಹೇಳಿದಂತೆ ಕೇಳಲಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಓಡದ ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಸಿಕೊಂಡವರಿಗೆ ಮೊದಲ ದಿನವೇ ತಕರಾರು ಶುರುವಾಗುವುದು ಟಚ್‌ಪ್ಯಾಡ್‌ನಿಂದ. ತಟ್ಟಿದರೆ ಕ್ಲಿಕ್ ಆಗದು, ಪುಟ ಉಲ್ಟಾ ಸರಿಯುತ್ತದೆ, ಟೈಪ್ ಮಾಡುವಾಗ ಅಂಗೈ ತಾಗಿ ಕರ್ಸರ್ ಎಲ್ಲಿಗೋ ಹಾರುತ್ತದೆ. ಇಂಥ ದೂರುಗಳಲ್ಲಿ ಹೆಚ್ಚಿನವುಗಳಿಗೆ ಪರಿಹಾರ ಇರುವುದು ಒಂದೇ ಸೆಟ್ಟಿಂಗ್ಸ್ ಪುಟದಲ್ಲಿ. ಹೊಸ ಮೌಸ್ ಕೊಳ್ಳುವ ಮುನ್ನ ಅದನ್ನೊಮ್ಮೆ ತೆರೆದು ನೋಡಬಹುದು.

ಪುಟ ತೆರೆಯುವುದು ಹೇಗೆ?

ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ 'ಮೌಸ್ ಆ್ಯಂಡ್ ಟಚ್‌ಪ್ಯಾಡ್' ಆಯ್ದುಕೊಳ್ಳಬೇಕು. ಮಿಂಟ್‌ನ ಸಿನಮನ್ ಆವೃತ್ತಿಯಲ್ಲಿ ಇದೇ ಹೆಸರಿನ ಪುಟ ಸಿಸ್ಟಮ್ ಸೆಟ್ಟಿಂಗ್ಸ್‌ನ ಹಾರ್ಡ್‌ವೇರ್ ವಿಭಾಗದಲ್ಲಿದೆ. ಟಚ್‌ಪ್ಯಾಡ್ ಪೂರ್ತಿ ಸತ್ತಿದ್ದರೂ ಅಲ್ಲಿಗೆ ಹೋಗಬಹುದು: ವಿಂಡೋಸ್ ಚಿಹ್ನೆಯ ಕೀ ಒತ್ತಿ, 'ಟಚ್‌ಪ್ಯಾಡ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಮುಂದೆ ಟ್ಯಾಬ್ ಮತ್ತು ಬಾಣದ ಕೀಗಳಿಂದ ಆಯ್ಕೆಗಳ ಮೇಲೆ ಓಡಾಡಿ, ಸ್ಪೇಸ್‌ಬಾರ್‌ನಿಂದ ಆನ್-ಆಫ್ ಮಾಡಬಹುದು.

1. ತಟ್ಟಿದರೆ ಕ್ಲಿಕ್

'ಟ್ಯಾಪ್ ಟು ಕ್ಲಿಕ್' ಆನ್ ಮಾಡುವುದು ಮೊದಲ ಕೆಲಸ. ಇಂದಿನ ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ನೋಡಿಕೊಳ್ಳುವ ತಂತ್ರಾಂಶ ಲಿಬ್‌ಇನ್‌ಪುಟ್. ಒತ್ತಿ ಕ್ಲಿಕ್ ಮಾಡಬಹುದಾದ ಟಚ್‌ಪ್ಯಾಡ್‌ಗಳಲ್ಲಿ ಅದು ಈ ಸೌಲಭ್ಯವನ್ನು ಬೇಕೆಂದೇ ಆಫ್ ಇಟ್ಟಿರುತ್ತದೆ. ತಟ್ಟುವ ಅಭ್ಯಾಸವಿಲ್ಲದವರಿಗೆ ಬೆರಳು ತಾಗಿದಾಗಲೆಲ್ಲ ಕ್ಲಿಕ್ ಆದರೆ ಕಂಪ್ಯೂಟರೇ ಕೆಟ್ಟಿದೆ ಅನ್ನಿಸುತ್ತದೆ, ಬೇಕಾದವರು ಹೇಗೂ ಹುಡುಕಿ ಆನ್ ಮಾಡಿಕೊಳ್ಳುತ್ತಾರೆ ಎಂಬುದು ಅದನ್ನು ರೂಪಿಸಿದವರ ವಾದ. ಕೆಲವು ಡೆಸ್ಕ್‌ಟಾಪ್‌ಗಳು ತಾವಾಗಿ ಆನ್ ಮಾಡುತ್ತವೆ, ಕೆಲವು ಹಾಗೇ ಬಿಡುತ್ತವೆ.

ಆನ್ ಆದ ಮೇಲೆ ಒಂದು ಬೆರಳಿನ ತಟ್ಟು ಎಡ ಕ್ಲಿಕ್, ಎರಡು ಬೆರಳಿನದು ಬಲ ಕ್ಲಿಕ್, ಮೂರು ಬೆರಳಿನದು ನಡುವಿನ ಕ್ಲಿಕ್. ಈ ಮೂರನೆಯದರ ಬಗ್ಗೆ ಎಚ್ಚರ ಇರಲಿ. ಲಿನಕ್ಸ್‌ನಲ್ಲಿ ನಡುವಿನ ಕ್ಲಿಕ್ ಎಂದರೆ ಪೇಸ್ಟ್; ಕಾಪಿ ಮಾಡದಿದ್ದರೂ ಕೊನೆಗೆ ಸೆಲೆಕ್ಟ್ ಮಾಡಿದ ಪಠ್ಯ ಅಲ್ಲಿ ಬಂದು ಕೂರುತ್ತದೆ. ಪತ್ರ ಬರೆಯುತ್ತಿರುವಾಗ ಸಂಬಂಧವೇ ಇಲ್ಲದ ಸಾಲೊಂದು ನಡುವೆ ಕಾಣಿಸಿಕೊಂಡರೆ ಕಾರಣ ಬಹುಪಾಲು ಇದೇ.

2. ಬಲ ಕ್ಲಿಕ್ ಎಲ್ಲಿ?

ವಿಂಡೋಸ್‌ನಿಂದ ಬಂದವರು ಟಚ್‌ಪ್ಯಾಡ್‌ನ ಕೆಳಗಿನ ಬಲಮೂಲೆ ಒತ್ತುತ್ತಾರೆ. ಉಬುಂಟು ಅದನ್ನು ಎಡ ಕ್ಲಿಕ್ ಎಂದು ಓದಿದರೆ, ಅಲ್ಲಿ ಬಲ ಕ್ಲಿಕ್‌ಗೆ ಎರಡು ಬೆರಳಿಟ್ಟು ಒತ್ತಬೇಕು ಎಂದರ್ಥ. ಉಬುಂಟು 24.04ರಲ್ಲಿ 'ಸೆಕೆಂಡರಿ ಕ್ಲಿಕ್' ಎಂಬಲ್ಲಿ 'ಕಾರ್ನರ್ ಪುಶ್' ಆಯ್ದರೆ ಹಳೆಯ ರೂಢಿ ಮರಳುತ್ತದೆ. 22.04 ಇದ್ದವರು ಇದಕ್ಕಾಗಿ ಗ್ನೋಮ್ ಟ್ವೀಕ್ಸ್ ಎಂಬ ತಂತ್ರಾಂಶ ಇನ್‌ಸ್ಟಾಲ್ ಮಾಡಿಕೊಂಡು, ಮೌಸ್ ಕ್ಲಿಕ್ ಎಮ್ಯುಲೇಶನ್‌ನಲ್ಲಿ 'ಏರಿಯಾ' ಆಯ್ದುಕೊಳ್ಳಬೇಕು.

3. ಪುಟ ಸರಿಸುವುದು

ಎರಡು ಬೆರಳಿನ ಸ್ಕ್ರೋಲ್ ಈಗ ಎಲ್ಲೆಡೆ ಸಾಮಾನ್ಯ. ಚಿಕ್ಕ, ಹಳೆಯ ಟಚ್‌ಪ್ಯಾಡ್ ಎರಡು ಬೆರಳನ್ನು ಗುರುತಿಸದಿದ್ದರೆ 'ಎಡ್ಜ್ ಸ್ಕ್ರೋಲಿಂಗ್' ಆಯ್ದು ಬಲ ಅಂಚಿನಲ್ಲಿ ಬೆರಳು ಜಾರಿಸಬಹುದು. ಮೊಬೈಲ್‌ನಂತೆ ಬೆರಳು ಹೋದ ಕಡೆಗೇ ಪುಟವೂ ಹೋಗಬೇಕೆಂದರೆ 'ನ್ಯಾಚುರಲ್' ಸ್ಕ್ರೋಲಿಂಗ್ ಆರಿಸಬೇಕು. ಮಿಂಟ್‌ನಲ್ಲಿ ಇದರ ಹೆಸರು 'ರಿವರ್ಸ್ ಸ್ಕ್ರೋಲಿಂಗ್ ಡೈರೆಕ್ಷನ್'.

4. ಟೈಪಿಂಗ್ ವೇಳೆ ವಿರಾಮ

'ಡಿಸೇಬಲ್ ವೈಲ್ ಟೈಪಿಂಗ್' ಆನ್ ಇದ್ದರೆ ಟೈಪ್ ಮಾಡುತ್ತಿರುವಷ್ಟು ಹೊತ್ತು ಟಚ್‌ಪ್ಯಾಡ್ ಸುಮ್ಮನಿರುತ್ತದೆ. ಕಂಟ್ರೋಲ್, ಶಿಫ್ಟ್‌ನಂಥ ಕೀಗಳನ್ನು ಅದು ಟೈಪಿಂಗ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕಂಟ್ರೋಲ್ ಹಿಡಿದು ಹಲವು ಫೈಲ್ ಆಯ್ದುಕೊಳ್ಳಲು ತೊಂದರೆಯಿಲ್ಲ. ಆದರೆ ಒಂದು ಕೈಯಲ್ಲಿ ಅಕ್ಷರದ ಕೀ, ಇನ್ನೊಂದರಲ್ಲಿ ಟಚ್‌ಪ್ಯಾಡ್ ಬಳಸಿ ಗೇಮ್ ಆಡುವವರು ಇದನ್ನು ಆಫ್ ಮಾಡಲೇಬೇಕು.

5. ಮೂರು ಬೆರಳಿನ ಸನ್ನೆ

ಉಬುಂಟುವಿನಲ್ಲಿ ಮೂರು ಬೆರಳು ಮೇಲೆ ಜಾರಿಸಿದರೆ ತೆರೆದ ಕಿಟಕಿಗಳೆಲ್ಲ ಕಾಣುತ್ತವೆ, ಅಡ್ಡ ಜಾರಿಸಿದರೆ ವರ್ಕ್‌ಸ್ಪೇಸ್ ಬದಲಾಗುತ್ತದೆ. ಇದು ನಡೆಯುವುದು ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಮಾತ್ರ, ಹಳೆಯ ಎಕ್ಸ್‌ಆರ್ಗ್‌ನಲ್ಲಿ (Xorg) ಅಲ್ಲ. 22.04 ಅಥವಾ 24.04ರಲ್ಲಿ ಕೆಲಸ ಮಾಡದಿದ್ದರೆ ಲಾಗ್ಔಟ್ ಆಗಿ, ಪಾಸ್‌ವರ್ಡ್ ಕೇಳುವ ಪರದೆಯ ಕೆಳಮೂಲೆಯ ಹಲ್ಲುಚಕ್ರ ಒತ್ತಿ 'ಉಬುಂಟು ಆನ್ ಎಕ್ಸ್‌ಆರ್ಗ್' ಎಂಬುದರ ಬದಲು 'ಉಬುಂಟು' ಎಂಬುದನ್ನಷ್ಟೇ ಆರಿಸಬೇಕು. ಮಿಂಟ್‌ನಲ್ಲಿ 2023ರ 21.2 ಆವೃತ್ತಿಯಿಂದ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲೇ 'ಜೆಸ್ಚರ್ಸ್' ಪುಟವಿದೆ.

ಟಚ್‌ಪ್ಯಾಡ್ ವಿಭಾಗವೇ ಕಾಣದಿದ್ದರೆ

ಕರ್ಸರ್ ಓಡುತ್ತದೆ, ಆದರೆ ಪುಟದಲ್ಲಿ ಬರೀ ಮೌಸ್ ಆಯ್ಕೆಗಳಿವೆ ಎಂದರೆ ಲಿನಕ್ಸ್ ಆ ಟಚ್‌ಪ್ಯಾಡನ್ನು ಸಾದಾ ಮೌಸ್ ಎಂದುಕೊಂಡಿರಬಹುದು. ಕರ್ಸರ್ ಕದಲುವುದೇ ಇಲ್ಲವೆಂದರೆ ಮೊದಲು ಕೀಬೋರ್ಡ್‌ನ ಮೇಲ್ಸಾಲಿನಲ್ಲಿ ಟಚ್‌ಪ್ಯಾಡ್ ಚಿತ್ರವಿರುವ ಕೀಯನ್ನು ಎಫ್ಎನ್ ಜೊತೆ ಒತ್ತಿ ನೋಡಬೇಕು. ಅದೂ ಫಲ ಕೊಡದಿದ್ದರೆ ಬಯೋಸ್‌ನಲ್ಲಿ ಟಚ್‌ಪ್ಯಾಡ್ ಆಫ್ ಆಗಿದೆಯೇ ಎಂದು ಪರೀಕ್ಷಿಸಬೇಕು.

ಇನ್ನೂ ಹಟ ಬಿಡದಿದ್ದರೆ ಹೊಸ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಓಡಿಸಿ ನೋಡಬಹುದು. ಅಲ್ಲಿ ಸರಿ ಇದ್ದರೆ ಕೊರತೆ ಹಳೆಯ ಕರ್ನೆಲ್‌ನದಾಗಿರುವ (ಲಿನಕ್ಸ್‌ನ ತಿರುಳು ಭಾಗ) ಸಾಧ್ಯತೆ ಹೆಚ್ಚು. ಮಿಂಟ್‌ನವರು ಅಪ್‌ಡೇಟ್ ಮ್ಯಾನೇಜರ್‌ನ 'ವ್ಯೂ' ಮೆನುವಿನಿಂದ ಹೊಸ ಕರ್ನೆಲ್ ಹಾಕಿಕೊಳ್ಳಬಹುದು.

ಅಂತರ್ಜಾಲದ ಹಳೆಯ ಸಲಹೆಗಳಲ್ಲಿ ಸಿನಾಪ್ಟಿಕ್ಸ್ ಡ್ರೈವರ್ ಹಾಕಿ ಎಂಬ ಮಾತು ಪದೇ ಪದೇ ಸಿಗುತ್ತದೆ. ಅದು ಲಿಬ್‌ಇನ್‌ಪುಟ್‌ಗಿಂತ ಹಿಂದಿನ ತಲೆಮಾರಿನದು. ಎಕ್ಸ್‌ಆರ್ಗ್‌ನಲ್ಲಿ ಅದನ್ನು ಹಾಕಿಕೊಂಡರೆ ಸೆಟ್ಟಿಂಗ್ಸ್ ಪುಟದ ಆಯ್ಕೆಗಳು ಬದಲಾಯಿಸಿದರೂ ಪರಿಣಾಮ ಕಾಣದೆ ಹೋಗಬಹುದು. ಹೀಗಾದಾಗ ಆ ಪ್ಯಾಕೇಜ್ ತೆಗೆದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಮೊದಲ ಹೆಜ್ಜೆಯಿಂದ ಮತ್ತೆ ಆರಂಭಿಸಬೇಕು.