ವೈದ್ಯರ ಭೇಟಿ ಮತ್ತು ಸ್ವಂತ ಮೊಬೈಲ್ ಇಲ್ಲದ ಹಿರಿಯರು

ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆ ಸರದಿಯಲ್ಲಿ ನಿಂತು, ಚೀಟಿ ಮಾಡಿಸಿ, ವೈದ್ಯರನ್ನು ಕಾಣುವ ಹಳೆಯ ಪದ್ಧತಿಯ ಪಕ್ಕದಲ್ಲಿ, ಅಂತರ್ಜಾಲದ ಮೂಲಕ ಭೇಟಿಯ ಸಮಯವನ್ನು ಕಾಯ್ದಿರಿಸುವ ಪದ್ಧತಿಯೊಂದು ಕಳೆದ ಹತ್ತು ವರ್ಷಗಳಲ್ಲಿ ಬೆಳೆದಿದೆ. 2015ರಲ್ಲಿ ಡಿಜಿಟಲ್ ಇಂಡಿಯಾ ಕಾರ್ಯಕ್ರಮದ ಅಂಗವಾಗಿ ಆನ್‌ಲೈನ್ ನೋಂದಣಿ ವ್ಯವಸ್ಥೆ ಬಂದಿತು; 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ‘ಆಭಾ’ ಎಂಬ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆಯನ್ನು ಪ್ರಚಾರಕ್ಕೆ ತಂದಿತು; ಅದರ ಮರುವರ್ಷ, ಆಸ್ಪತ್ರೆಯ ಗೋಡೆಯ ಮೇಲಿನ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ಸೌಲಭ್ಯವೂ ಸೇರಿಕೊಂಡಿತು. ಇವುಗಳಿಂದ ಸರದಿ ಮೊಟಕಾಗಿರುವುದು ನಿಜ, ಮತ್ತು ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತು ಬಲ್ಲವರು ಅದನ್ನು ಹಗುರವಾಗಿ ಕಾಣಲಾರರು.

ಆದರೆ ಎಂಬತ್ತು ದಾಟಿದ ತಾಯಿಯ ಚಿಕಿತ್ಸೆಗಾಗಿ ಕೆಲವು ವರ್ಷ ಆಸ್ಪತ್ರೆಗಳಿಗೆ ಓಡಾಡಿದ ಪ್ರಸ್ತುತ ಲೇಖಕರ ಅನುಭವದಲ್ಲಿ, ಹಿರಿಯರ ತೊಡಕಿನ ಮೂಲವಿರುವುದು ಅಂತರ್ಜಾಲದ ಅಜ್ಞಾನಕ್ಕಿಂತ ಹೆಚ್ಚಾಗಿ ಮೊಬೈಲ್ ಸಂಖ್ಯೆಯ ಒಡೆತನದಲ್ಲಿ. ಆಧಾರ್ ಮಾಡಿಸಿದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಫೋನ್ ಇದ್ದದ್ದು ಮಗನ ಅಥವಾ ಅಳಿಯನ ಬಳಿ, ಆದ್ದರಿಂದ ತಂದೆತಾಯಿಗಳ ಆಧಾರ್‌ಗೂ ಅದೇ ಸಂಖ್ಯೆ ಸೇರಿತು. ಆ ಮಗ ಕೆಲಸ ಹಿಡಿದು ಪುಣೆಗೋ ದುಬೈಗೋ ಹೋದ ಮೇಲೆ, ಆಧಾರ್ ಮೂಲಕ ನೋಂದಾಯಿಸಲು ಬೇಕಾದ ಓಟಿಪಿ, ಅಂದರೆ ಒಮ್ಮೆ ಮಾತ್ರ ಬಳಸಬಹುದಾದ ಗುಪ್ತಸಂಖ್ಯೆ, ತಾಯಿ ಕೌಂಟರಿನ ಮುಂದೆ ನಿಂತಿರುವಾಗ ಅವನ ಜೇಬಿನಲ್ಲಿ ಸದ್ದು ಮಾಡುತ್ತದೆ, ಮತ್ತು ಅವನು ಕೆಲಸದ ನಡುವೆ ಬಿಡುವು ಮಾಡಿಕೊಂಡು ಅದನ್ನು ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ವೈದ್ಯರನ್ನು ಯಾವ ದಿನ ಕಾಣಬೇಕೆಂಬ ತೀರ್ಮಾನ ಹೀಗೆ ರೋಗಿಯ ಕೈಯಿಂದ ಫೋನ್ ಹಿಡಿದವರ ಕೈಗೆ ಜಾರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ಕೌಂಟರಿನಲ್ಲಿ ಕುಳಿತ ಗುಮಾಸ್ತೆ ‘ಏನಾಗ್ತಿದೆ ಅಜ್ಜಿ?’ ಎಂದು ಕೇಳಿ ತಾನೇ ವಿಭಾಗದ ಹೆಸರು ಬರೆಯುತ್ತಿದ್ದಳು. ಮೊಬೈಲಿನ ಪರದೆಯಾದರೋ ರೋಗಿಯೇ ವಿಭಾಗವನ್ನು ಆರಿಸಬೇಕೆಂದು ಬಯಸುತ್ತದೆ, ಆದರೆ ಕಾಲು ಊದಿದವರು ಹೃದ್ರೋಗ ವಿಭಾಗಕ್ಕೆ ಹೋಗಬೇಕೋ ಮೂತ್ರಪಿಂಡದ ವಿಭಾಗಕ್ಕೋ ಎಂಬುದು ಓದಿದವರಿಗೂ ತಿಳಿಯುವ ವಿಷಯವಲ್ಲ. ಮೂತ್ರದ ತೊಂದರೆಯಿರುವ ವೃದ್ಧೆಯೊಬ್ಬರು ಅದನ್ನು ಮೊದಲು ಮೊಮ್ಮಗನ ಮುಂದೆ ಬಾಯಿಬಿಟ್ಟು ಹೇಳಬೇಕಾದಾಗ, ಸಂಕೋಚದಿಂದ ಭೇಟಿಯನ್ನೇ ತಿಂಗಳುಗಟ್ಟಲೆ ಮುಂದೂಡುವುದುಂಟು. ಈ ನಷ್ಟ ಯಾವ ಅಂಕಿಅಂಶದಲ್ಲಿಯೂ ಕಾಣುವುದಿಲ್ಲ. ಇದರ ಮೇಲೆ ಪೊರೆ ಬಂದ ಕಣ್ಣು, ನಡುಗುವ ಬೆರಳು, ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎನ್ನುವ ಧ್ವನಿಮುದ್ರಿಕೆಯನ್ನು ಹಿಡಿಯಲಾರದ ಕಿವಿ, ದುಡಿಮೆಯಿಂದ ರೇಖೆಗಳು ಸವೆದು ಬೆರಳಚ್ಚು ಯಂತ್ರಕ್ಕೆ ಗುರುತು ಸಿಗದ ಹೆಬ್ಬೆರಳು ಸೇರುತ್ತವೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯಿದೆಯ 20ನೆಯ ಕಲಮು ಹಿರಿಯರಿಗೆ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಸರದಿ ಇರಬೇಕೆನ್ನುತ್ತದೆ. ಆದರೆ ಅದು ಸರದಿ ಕಣ್ಣೆದುರಿಗೇ ಇದ್ದ ಕಾಲದ ಕಲ್ಪನೆ. ದಿನದ ಟೋಕನ್‌ಗಳು ಬಾಗಿಲು ತೆರೆಯುವ ಮೊದಲೇ ಮೊಬೈಲಿನಲ್ಲಿ ಹಂಚಿಹೋದರೆ, ಉಳಿದವರ ಪೈಕಿ ಮೊದಲಿಗರಾಗುವ ಹಕ್ಕು ಹಿರಿಯರಿಗೆ ಹೆಚ್ಚೇನನ್ನೂ ಕೊಡುವುದಿಲ್ಲ. ಯೋಗ್ಯ ಮಾದರಿಯೊಂದು ನಮ್ಮಲ್ಲಿಯೇ ಇದೆ: ಇ-ಸಂಜೀವಿನಿ ಎಂಬ ದೂರವೈದ್ಯ ಸೇವೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದ ಸಿಬ್ಬಂದಿಯೇ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯರೊಡನೆ ಮಾತನಾಡಿಸುತ್ತಾರೆ, ತಂತ್ರಜ್ಞಾನವನ್ನು ನಿಭಾಯಿಸುವ ಹೊರೆ ಅಲ್ಲಿ ವ್ಯವಸ್ಥೆಯ ಮೇಲಿದೆಯೇ ಹೊರತು ರೋಗಿಯ ಮೇಲಿಲ್ಲ.

ಓಡಾಟದಿಂದ ತಿಳಿದುಬಂದ, ಕುಟುಂಬಗಳು ಮಾಡಿಕೊಳ್ಳಬಹುದಾದ ಏರ್ಪಾಡುಗಳು ಕೆಲವಿವೆ. ಕಾಯಿಲೆ ಬೀಳುವ ಮೊದಲೇ ಹಿರಿಯರ ಆಧಾರ್‌ಗೆ ಅವರೊಡನೆ ವಾಸಿಸುವವರ ಅಥವಾ ಅವರದೇ ಸಾದಾ ಫೋನಿನ ಸಂಖ್ಯೆಯನ್ನು ಜೋಡಿಸಬೇಕು, ಏಕೆಂದರೆ ಓಟಿಪಿ ಬರುವುದಕ್ಕೆ ಸ್ಮಾರ್ಟ್‌ಫೋನ್ ಬೇಕಿಲ್ಲ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅಂಚೆಯವರೇ ಮನೆಗೆ ಬಂದು ಈ ಸಂಖ್ಯೆಯನ್ನು ಬದಲಿಸಿಕೊಡುವ ಸೇವೆ 2021ರಲ್ಲಿ ಆರಂಭವಾಯಿತು. ಹಳೆಯ ಚೀಟಿಗಳನ್ನೂ ಔಷಧಿಗಳ ಪಟ್ಟಿಯನ್ನೂ ಒಂದೇ ಕವರಿನಲ್ಲಿಟ್ಟು, ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದರೆ ಕೌಂಟರಿನ ಕೆಲಸ ಅರ್ಧ ಮುಗಿದಂತೆ. ಜೊತೆಗೆ ಯಾರೂ ಇಲ್ಲದವರು ಹಿರಿಯ ನಾಗರಿಕರ ಸಹಾಯವಾಣಿಯಾದ 14567ಕ್ಕೆ ಕರೆಮಾಡಿ ಮಾಹಿತಿ ಕೇಳಬಹುದು.

ಆಭಾ ಸಂಖ್ಯೆಯನ್ನು ಪಡೆಯುವುದು ಐಚ್ಛಿಕವೆಂದು ಸರ್ಕಾರವೇ ಹೇಳಿದೆ. ಹಾಗಿರುವಾಗ ಆಸ್ಪತ್ರೆಗಳ ಆಡಳಿತವು ದಿನದ ಟೋಕನ್‌ಗಳಲ್ಲಿ ಒಂದು ಪಾಲನ್ನು ನೇರವಾಗಿ ಬರುವ ಹಿರಿಯರಿಗೆ ಮೀಸಲಿಟ್ಟು, ಅದು ಎಷ್ಟೆಂಬುದನ್ನು ಬಾಗಿಲಲ್ಲಿಯೇ ಕನ್ನಡದ ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಬೇಕು.