ಇಂಗ್ಲೆಂಡಿನಲ್ಲಿ ನರ್ಸಿಂಗ್ ಓದಿಗೆ ಸರ್ಕಾರದ ಹಣ: ಯಾರಿಗುಂಟು, ಯಾರಿಗಿಲ್ಲ

ಇಂಗ್ಲೆಂಡಿನಲ್ಲಿ ನರ್ಸಿಂಗ್ ಓದುವವರ ಫೀಸನ್ನು ಸರ್ಕಾರವೇ ಕಟ್ಟುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ. ಅದು ಹಳೆಯ ಮಾತು. 2017ರ ಆಗಸ್ಟ್ 1ರ ನಂತರ ನರ್ಸಿಂಗ್, ಮಿಡ್‌ವೈಫರಿ ಸೇರಿದವರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಬರ್ಸರಿ, ಎಂದರೆ ಫೀಸು ಭರಿಸುತ್ತಿದ್ದ ನೆರವು, ನಿಂತಿತು. ಸಾಲ ಮಾಡಿ ಓದಬೇಕಾಯಿತು. ವೈದ್ಯಕೀಯ, ದಂತವೈದ್ಯಕೀಯದ ಕೊನೆಯ ವರ್ಷಗಳಿಗೆ ಮಾತ್ರ ಬರ್ಸರಿ ಉಳಿಯಿತು. 2020ರ ಸೆಪ್ಟೆಂಬರಿನಲ್ಲಿ ನರ್ಸಿಂಗ್‌ನವರಿಗೆ ಬೇರೆ ನಿಧಿ ಬಂತು. ವರ್ಷಕ್ಕೆ 5,000 ಪೌಂಡ್, ಹಿಂದಿರುಗಿಸಬೇಕಿಲ್ಲ. 15 ವರ್ಷದೊಳಗಿನ ಮಗುವಿದ್ದರೆ ಇನ್ನೂ 2,000. ಮಾನಸಿಕ ಆರೋಗ್ಯ ನರ್ಸಿಂಗ್‌ನಂಥ ಕೆಲವು ವಿಷಯಗಳಿಗೆ 1,000.

ನಮ್ಮಲ್ಲಿ ವಿದ್ಯಾರ್ಥಿವೇತನ ಎಂದೊಡನೆ ಜಾತಿ-ಆದಾಯ ಪ್ರಮಾಣಪತ್ರ ಹುಡುಕುತ್ತೇವೆ. ಈ 5,000ಕ್ಕೆ ಅಪ್ಪನ ಸಂಬಳವನ್ನು ಯಾರೂ ಕೇಳುವುದಿಲ್ಲ. ಕೇಳುವುದು ವಾಸದ ಲೆಕ್ಕ. ಇದನ್ನು ಪಡೆಯಲು ಅಲ್ಲಿನ ಸರ್ಕಾರಿ ವಿದ್ಯಾರ್ಥಿ ಸಾಲಕ್ಕೆ ನೀವು ಅರ್ಹರಾಗಿರಬೇಕು, ಆ ಅರ್ಹತೆ ನಿಂತಿರುವುದು ವಾಸದ ಮೇಲೆ. ಸಾಲ ಪಡೆಯಲೇಬೇಕೆಂದಿಲ್ಲ, ಬಡ್ಡಿ ಬೇಡವೆನ್ನುವವರು ಇದನ್ನು ಗಮನಿಸಬೇಕು.

ಹಾಗಾಗಿ ಬೆಂಗಳೂರಿನಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಇದು ಇಲ್ಲ. ಅಲ್ಲಿ ನರ್ಸ್ ಆಗಿ ದುಡಿಯುತ್ತಿರುವ ಕನ್ನಡಿಗರ ಮಕ್ಕಳ ವಿಷಯವೇ ಜಟಿಲ. ಸಾಮಾನ್ಯ ನಿಯಮದಂತೆ ಕೋರ್ಸಿನ ಮೊದಲ ದಿನಕ್ಕೆ ಶಾಶ್ವತ ವಾಸದ ಅನುಮತಿ ಕೈಯಲ್ಲಿರಬೇಕು, ಅದಕ್ಕೆ ಹಿಂದಿನ 3 ವರ್ಷ ಬ್ರಿಟನ್ನಿನಲ್ಲೇ ನೆಲೆಸಿರಬೇಕು. ಓದಿಗಾಗಿಯೇ ಬಂದು ಉಳಿದ ಕಾಲ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ.

ಶಾಶ್ವತ ಅನುಮತಿ ಇಲ್ಲದವರಿಗೂ ಒಂದು ದಾರಿಯಿದೆ. ಆರನೆಯ ವಯಸ್ಸಿಗೆ ಜಾಂಬಿಯಾದಿಂದ ಬಂದು ಅಲ್ಲೇ ಬೆಳೆದ ಹುಡುಗಿಯೊಬ್ಬಳಿಗೆ ಸಾಲ ನಿರಾಕರಿಸಿದ್ದು ತಪ್ಪೆಂದು 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನ ಬಳಿಕ ದೀರ್ಘ ವಾಸದ ನಿಯಮ ಬಂತು: 18 ತುಂಬದವರಿಗೆ 7 ವರ್ಷದ ವಾಸ, ತುಂಬಿದವರಿಗೆ ಬದುಕಿನ ಅರ್ಧದಷ್ಟು ಅಥವಾ 20 ವರ್ಷ. ಇದರಲ್ಲೊಂದು ವಿಚಿತ್ರವಿದೆ. 10 ತುಂಬಿದಾಗ ಬಂದವಳು 17ಕ್ಕೆ ಕೋರ್ಸು ಸೇರಿದರೆ ಅರ್ಹಳು. ಒಂದು ವರ್ಷ ತಡೆದು 18ಕ್ಕೆ ಸೇರಿದರೆ ಅರ್ಧ ಬದುಕು ಅಲ್ಲಿ ಕಳೆದಿಲ್ಲವೆಂದು ಅನರ್ಹಳು! ನ್ಯಾಯವೆಂದು ನನಗಂತೂ ಅನಿಸುವುದಿಲ್ಲ, ಆದರೆ ನಿಯಮ ಹಾಗಿದೆ. ಶರತ್ಕಾಲದ ಕೋರ್ಸಿಗೆ ಮೊದಲ ದಿನವೆಂದರೆ ಸೆಪ್ಟೆಂಬರ್ 1. ತರಗತಿ ಯಾವಾಗ ಶುರುವಾದರೂ ಸರಿ. ಮಕ್ಕಳ ವಯಸ್ಸನ್ನು ಆ ದಿನಕ್ಕೇ ಲೆಕ್ಕ ಹಾಕಿ.

ಸಂಬಳ ಪಡೆಯುತ್ತ ಕಲಿಯುವ ಅಪ್ರೆಂಟಿಸ್‌ಗಳಿಗೆ ಈ ನಿಧಿ ಅನ್ವಯಿಸದು. ಸ್ಕಾಟ್ಲೆಂಡ್, ವೇಲ್ಸ್‌ಗಳ ವ್ಯವಸ್ಥೆಯೇ ಬೇರೆ. ಇಂಗ್ಲೆಂಡಿನಲ್ಲಿ ಒಮ್ಮೆ ಸಿಕ್ಕರೂ ಮುಂದಿನ ವರ್ಷ ಅದು ತಾನಾಗಿ ಬರುವುದಿಲ್ಲ, ಪ್ರತಿ ವರ್ಷ ಹೊಸ ಅರ್ಜಿ ಹಾಕಬೇಕು.